ಮಾರ್ಚ್ ಕೊನೆಯ ಬಿಲ್ಲು

2025 ಮಾರ್ಚ್ 29, ಶನಿವಾರ
ಕುಶಾಲನಗರ

ನಾಳೆ ಯುಗಾದಿ. ಚಂದ್ರ ಕಂಡರೆ ಸೋಮವಾರ ರಂಜಾನ್. ಹಾಗಾಗಿ ಈ ವರ್ಷದ ಲೆಕ್ಕಕ್ಕೆ ಇವತ್ತೇ ಕೊನೆಯ ಕೆಲಸದ ದಿನ. ಕೊಡಗಿನ ತೋಟಗಳಿಗೆ ಗೊಬ್ಬರ, ಗಿಡದ ಮದ್ದು ಮಾರುವ ಕಂಪನಿಯ ಟೀಮ್ ನಡೆಸುವವನು ನಾನು. ನಮ್ಮ ಲೈನಿನ ಯಾರನ್ನು ಬೇಕಾದರೂ ಕೇಳಿ, ಮಾರ್ಚ್ ಕೊನೆಯ ವಾರ ಹೇಗಿರುತ್ತದೆ ಅಂತ ಹೇಳುತ್ತಾರೆ. ಮೇಲಿನವರಿಗೆ ನಂಬರ್ ಬೇಕು, ಡೀಲರ್‌ಗೆ ಸ್ಕೀಮ್ ಬೇಕು, ಹುಡುಗರಿಗೆ ಇನ್ಸೆಂಟಿವ್ ಬೇಕು. ಫೋನ್ ಕೆಳಗಿಡಲು ಬಿಡುವುದಿಲ್ಲ.

ಬೆಳಿಗ್ಗೆ ತಿಂಡಿ ಮುಗಿಸುವ ಹೊತ್ತಿಗೆ ಗೋಣಿಕೊಪ್ಪದಿಂದ ನಮ್ಮ ಹುಡುಗನ ಫೋನ್ ಬಂತು. ದಕ್ಷಿಣ ಕೊಡಗು ಪೂರ್ತಿ ಅವನೇ ನೋಡಿಕೊಳ್ಳುವುದು.

"ಸರ್, ಒಂದು ದಾರಿ ಇದೆ. ಇಲ್ಲಿ ಡೀಲರ್ ಅಣ್ಣ ಕೀಟನಾಶಕಕ್ಕೆ ದೊಡ್ಡ ಬಿಲ್ ಹಾಕಿಸ್ಕೊಳ್ತಾರಂತೆ. ದುಡ್ಡು ಈಗ ಕೇಳ್ಬೇಡಿ, ಮಾಲು ಗೋಡೌನಲ್ಲಿ ಇರ್ಲಿ, ಏಪ್ರಿಲ್‌ನಲ್ಲಿ ವಾಪಸ್ ತಗೊಳ್ಳಿ ಅಂತಿದ್ದಾರೆ. ನಮ್ಮ ಟಾರ್ಗೆಟ್ ಮುಗೀತದೆ ಸರ್."

ಅವನು ಒಳ್ಳೆಯ ಹುಡುಗ. ಮೊದಲು ಕೆಲಸ ಮಾಡಿದ ಕಡೆ ಇದನ್ನೇ ಬುದ್ಧಿವಂತಿಕೆ ಅಂತ ಕಲಿಸಿದ್ದಾರೆ. "ಬೇಡ ಮಾರಾಯ" ಅಂದೆ. ಬೇಡ ಅಂದು ಫೋನ್ ಇಟ್ಟಿದ್ದರೆ ಅವನಿಗೆ ನನ್ನ ಮೇಲೆ ಬೇಜಾರಷ್ಟೇ ಉಳಿಯುತ್ತಿತ್ತು. ಅದಕ್ಕೇ ಕೂತು ಪೂರ್ತಿ ಹೇಳಿದೆ. ಇಲ್ಲಿಯೂ ಬರೆದಿಡುತ್ತೇನೆ.

ವಾಪಸ್ ಬರುವ ಮಾಲಿನ ಬಿಲ್ಲು ಬರೀ ಕಾಗದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಮಾಲು ನಿಜವಾದದ್ದು. ಅದು ಗೋಡೌನಿನಲ್ಲಿ ಜಾಗ ಹಿಡಿದು ಕೂತಿರುತ್ತದೆ. ವಾಪಸ್ ತೆಗೆದುಕೊಂಡು ಹೋಗಲು ಲಾರಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ತಿಂಗಳು ಕಳೆಯುತ್ತದೆ. ಬಾಟಲಿಯ ಮೇಲಿನ ತಾರೀಖು ಹತ್ತಿರ ಬರುತ್ತದೆ. ಡೀಲರ್‌ಗೆ ಒಳಗೊಳಗೇ ಭಯ. ಅಷ್ಟರಲ್ಲಿ ಯಾರೋ ಬೆಳೆಗಾರರು ಬಂದು "ಎಲೆ ಹಳದಿ ಆಗ್ತಾ ಉಂಟು, ಏನಾದ್ರೂ ಕೊಡಿ" ಅಂದರೆ ಕೈ ಸೀದಾ ಆ ಬಾಟಲಿಗೇ ಹೋಗುತ್ತದೆ. ಎಲೆ ಹಳದಿಯಾಗಿದ್ದು ಗೊಬ್ಬರ ಕಮ್ಮಿಯಾಗಿಯೋ, ಬೇರಿಗೆ ಏನೋ ಆಗಿಯೋ ಇರಬಹುದು. ಕೀಟನಾಶಕ ಏನು ಮಾಡುತ್ತದೆ ಪಾಪ?

ಈಗಿನ ಕಾಲ ಯಾವುದು ಅಂತಲೂ ನೋಡಬೇಕಲ್ವಾ. ಕಾಫಿ ಹೂ ಬಿಡುವ ಕಾಲ. ಸ್ಪ್ರಿಂಕ್ಲರ್ ಹಾಕಿದವರ ತೋಟದಲ್ಲಿ ಹೂ ಮುಗಿದು ಮಿಡಿ ಕಚ್ಚುತ್ತಿರುತ್ತದೆ. ಮಳೆಯನ್ನೇ ನಂಬಿದವರು ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಮಳೆ ಬಿತ್ತು ಅಂತ ಲೆಕ್ಕ ಹಾಕುತ್ತಾ ಕೂತಿರುತ್ತಾರೆ. ಅರೇಬಿಕಾ ಆದರೆ ತನ್ನ ಹೂವಿನ ಪರಾಗದಲ್ಲೇ ಕಾಯಿ ಕಟ್ಟುತ್ತದೆ. ರೋಬಸ್ಟಾಗೆ ಅದು ಸಾಲುವುದಿಲ್ಲ, ಬೇರೆ ಗಿಡದ ಪರಾಗ ಬರಲೇಬೇಕು. ತಂದುಕೊಡುವುದು ಗಾಳಿ ಮತ್ತು ಜೇನು. ಹೂ ಅರಳಿದ ದಿನ ತೋಟದೊಳಗೆ ನಿಂತರೆ ತಲೆ ಮೇಲೆ ಜೇನಿನ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಅಂಥ ಹೊತ್ತಿನಲ್ಲಿ ನಮ್ಮ ಬಾಟಲಿ ಸ್ಪ್ರೇಯರ್‌ಗೆ ಬಿದ್ದರೆ? ಡಿಸೆಂಬರ್‌ನಲ್ಲಿ ಕಾಫಿ ಕುಯ್ಯುವಾಗ ಗೊಂಚಲು ತೆಳ್ಳಗಿದೆ ಅಂತ ಬೆಳೆಗಾರ ಮಳೆಯನ್ನು ಬೈಯುತ್ತಾನೆ. ನಮ್ಮ ಮಾರ್ಚ್ ಬಿಲ್ಲಿಗೂ ಅವನ ನಷ್ಟಕ್ಕೂ ಇರುವ ನಂಟು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ನನ್ನ ಇನ್ಸೆಂಟಿವ್ ಸರ್?" ಅಂದ. ಕೇಳಲೇಬೇಕಾದ ಪ್ರಶ್ನೆ ಅದು. ಈ ತಿಂಗಳು ಅವನಿಗೆ ಎಷ್ಟು ಕಮ್ಮಿ ಬರುತ್ತದೆ, ವಾಪಸ್ ಬಂದ ಮಾಲನ್ನು ಏಪ್ರಿಲ್ ಲೆಕ್ಕದಲ್ಲಿ ಕಳೆದರೆ ಮುಂದಿನ ಮೂರು ತಿಂಗಳು ಏನಾಗುತ್ತಿತ್ತು, ಎರಡನ್ನೂ ಫೋನಿನಲ್ಲೇ ಅವನ ಜೊತೆ ಲೆಕ್ಕ ಹಾಕಿದೆ. ವರ್ಷದ ಮೊದಲ ದಿನವೇ ಮೈನಸ್‌ನಲ್ಲಿ ನಿಂತವನು ಜೂನ್ ಹೊತ್ತಿಗೆ ಇನ್ನೊಬ್ಬ ಡೀಲರ್ ಹತ್ತಿರ ಇದೇ ಮಾತು ಆಡಬೇಕಾಗುತ್ತದೆ. ದುಡ್ಡಿನ ವಿಷಯವನ್ನು ಹುಡುಗರ ಹತ್ತಿರ ಮುಚ್ಚಿಟ್ಟು, ಬರೀ ಒಳ್ಳೆತನದ ಪಾಠ ಹೇಳಿದರೆ ಯಾರೂ ನಂಬುವುದಿಲ್ಲ. ನಂಬಲೂ ಬಾರದು.

ಮೇಲಿನವರ ಫೋನ್ ಮಧ್ಯಾಹ್ನ ಬಂತು. ಟಾರ್ಗೆಟ್ ಸ್ವಲ್ಪ ಕಮ್ಮಿ ಬಿದ್ದಿದೆ ಸರ್, ಮಾರಿದಷ್ಟೇ ತೋರಿಸುತ್ತೇನೆ ಅಂದೆ. ಅವರಿಗೆ ಖುಷಿಯಾಗಲಿಲ್ಲ. ಆಗಬೇಕು ಅಂತ ನಾನು ಕಾಯಲೂ ಇಲ್ಲ.

ಹೋದ ತಿಂಗಳ ಒಂದು ಸಂಗತಿ ಬರೆಯಲೇಬೇಕು. ನಾಪೋಕ್ಲು ಕಡೆ ನೋಡಿಕೊಳ್ಳುವ ನಮ್ಮ ಹುಡುಗಿ ಬೆಳೆಗಾರ ಅಜ್ಜ ಒಬ್ಬರ ತೋಟಕ್ಕೆ ಹೋಗಿದ್ದಳು. ಕಾಫಿಗೆ ಬೆಲೆ ಬಂದಿದೆ, ಈ ಸಲ ಗೊಬ್ಬರ ಜಾಸ್ತಿನೇ ಹಾಕೋಣ ಅಂತ ಅಜ್ಜ ಪಟ್ಟಿ ಬರೆದಿಟ್ಟಿದ್ದರು. ಎಲ್ಲಾ ನಮ್ಮ ಕಂಪನಿಯ ಮಾಲೇ. ಪಟ್ಟಿ ಕೈಗೆ ತೆಗೆದುಕೊಳ್ಳುವ ಮೊದಲು ಅವಳು "ಅಜ್ಜ, ಮಣ್ಣು ಪರೀಕ್ಷೆ ಮಾಡ್ಸಿದ್ದೀರಾ?" ಅಂತ ಕೇಳಿದಳು. ಮಾಡಿಸಿದ್ದರು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರದಿಂದ ಬಂದ ಚೀಟಿ ಜಗಲಿಯ ಕ್ಯಾಲೆಂಡರ್ ಹಿಂದೆ ಮೊಳೆಗೆ ಸಿಕ್ಕಿಸಿಟ್ಟಿತ್ತು. ಮಡಿಕೆ ಬಿಚ್ಚಿ ನೋಡಿದರೆ ಪಿಎಚ್ 4.9. ಈ ಅಂಕಿ ಕಮ್ಮಿಯಾದಷ್ಟೂ ಮಣ್ಣಿನ ಹುಳಿ ಜಾಸ್ತಿ. ಕಾಫಿಗೆ 6ರಿಂದ 6.5ರ ಒಳಗಿದ್ದರೆ ಒಳ್ಳೆಯದು. ನಮ್ಮ ಮಳೆಗೆ ಮಣ್ಣಿನ ಸುಣ್ಣದ ಅಂಶ ತೊಳೆದು ಹೋಗುತ್ತದೆ, ಹುಳಿ ಏರುತ್ತದೆ. ಅಂಥ ಮಣ್ಣಿಗೆ ರಂಜಕದ (ಫಾಸ್ಫರಸ್) ಗೊಬ್ಬರ ಸುರಿದರೆ ಅದು ಕಬ್ಬಿಣ, ಅಲ್ಯೂಮಿನಿಯಂ ಜೊತೆ ಸೇರಿ ಅಲ್ಲೇ ಕೂತುಬಿಡುತ್ತದೆ, ಬೇರಿಗೆ ಸಿಗುವುದಿಲ್ಲ.

"ಮೊದಲು ಸುಣ್ಣ ಹಾಕ್ಸಿ ಅಜ್ಜ. ಗೊಬ್ಬರ ಕೆಲವು ವಾರ ಬಿಟ್ಟು. ಎರಡೂ ಒಟ್ಟಿಗೆ ಬೇಡ, ಯೂರಿಯಾದ ಸತ್ವ ಗಾಳಿಗೆ ಹೋಗ್ತದೆ" ಅಂದಳಂತೆ. ಸುಣ್ಣ ನಾವು ಮಾರುವುದಿಲ್ಲ. ಪಟ್ಟಿ ಅರ್ಧಕ್ಕೂ ಕೆಳಗೆ ಇಳಿಯಿತು. ಸಂಜೆ ನನಗೆ ಹೇಳುವಾಗ "ಸರ್, ಬೈಬೇಡಿ" ಅಂತಲೇ ಶುರು ಮಾಡಿದಳು. ಅದು ನನ್ನನ್ನು ತುಂಬಾ ಕಾಡಿತು. ಇಷ್ಟು ಒಳ್ಳೆಯ ಕೆಲಸ ಮಾಡಿ ಬಂದವಳು ಹೆದರಿಕೊಂಡು ಹೇಳಬೇಕಾದರೆ ಈ ವ್ಯಾಪಾರದ ಗಾಳಿಯೇ ಸರಿಯಿಲ್ಲ. ಮುಂದಿನ ಮೀಟಿಂಗ್‌ನಲ್ಲಿ ಎಲ್ಲರ ಎದುರು ಅವಳಿಂದಲೇ ಆ ಕಥೆ ಹೇಳಿಸಿದೆ. ಈಗ ಆ ಊರಿನವರು ತಮ್ಮ ಮಣ್ಣಿನ ಚೀಟಿ ಓದಿಸಲು ಅವಳಿಗೆ ಫೋನ್ ಮಾಡುತ್ತಾರೆ. ಫೋನ್ ಇಟ್ಟ ಮೇಲೆ ಅವಳ ಮುಖ ನೋಡಬೇಕು.

ಟೀಮ್ ನಡೆಸುವವನು ಸಂಜೆ ಏನು ಕೇಳುತ್ತಾನೋ ಹುಡುಗರು ಹಗಲು ಅದನ್ನೇ ಮಾಡುತ್ತಾರೆ. "ಎಷ್ಟಾಯ್ತು?" ಅಂತ ಮಾತ್ರ ಕೇಳಿದರೆ ಎಷ್ಟೋ ಒಂದನ್ನು ಹೇಳುತ್ತಾರೆ. ಸಿದ್ದಾಪುರದ ಹೋಟೆಲಲ್ಲಿ ಟೀ ಕುಡಿಯುತ್ತಾ ಹತ್ತು ತೋಟದ ಹೆಸರು ಬರೆದು ಕಳಿಸುವುದು ಈ ಲೈನಿನಲ್ಲಿ ಹೊಸದೇನಲ್ಲ. ನಾನು ಕೇಳುವುದು, ಇವತ್ತು ಯಾರ ತೋಟದೊಳಗೆ ನಡೆದೆ, ಗಿಡದಲ್ಲಿ ಏನು ಕಂಡೆ, ಯಾರಿಗೆ ಬೇಡ ಅಂದೆ. ತೋಟಕ್ಕೆ ಹೋಗದವನಿಗೆ ಇದಕ್ಕೆ ಉತ್ತರ ಹೊಳೆಯುವುದಿಲ್ಲ.

ಹೊಸದಾಗಿ ಸೇರಿದವರಿಗೆ ನಮ್ಮ ಮಾಲಿನ ಹೆಸರು ಹೇಳಿಕೊಡುವ ಮೊದಲು ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವುದು ಹೇಳಿಕೊಡುತ್ತೇನೆ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತಿನ ನೀರು ಸುರಿಯುತ್ತಾ ತಿರುಗಿಸಬೇಕು. ಆಮೇಲೆ ಹೊಳೆಯುವ ಕತ್ತಿಯ ತುದಿ ಅದ್ದಿ ನೋಡಬೇಕು. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಕಮ್ಮಿ ಅಂತ ಲೆಕ್ಕ, ಇನ್ನಷ್ಟು ಹಾಕಬೇಕು. ಆಕಾಶದ ಬಣ್ಣದ ಈ ಮದ್ದು ಮಳೆಗಾಲಕ್ಕೆ ಮೊದಲು ಸರಿಯಾಗಿ ಬಿದ್ದರೆ ಕಾಫಿಯ ಎಲೆ ತುಕ್ಕು, ಕರಿಮೆಣಸಿನ ಸೊರಗು ರೋಗ ಎರಡನ್ನೂ ಎಷ್ಟೋ ತಡೆಯುತ್ತದೆ. ಇದರಿಂದ ನಮಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಆದರೆ ಬೋರ್ಡೋ ಸಾಕಾಗುವ ಕಡೆ ಸಾಕು ಅಂತ ಹೇಳುವವನ ಮಾತನ್ನು ಬೇರೆ ಮದ್ದು ಬೇಕಾದ ದಿನ ಬೆಳೆಗಾರ ಕೇಳುತ್ತಾನೆ. ಕೈಗೆಲ್ಲಾ ನೀಲಿ ಮೆತ್ತಿಕೊಂಡು ನಿಂತ ಹುಡುಗರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಬೀಳುವುದಿಲ್ಲ.

ಈ ಕೆಲಸದಲ್ಲಿ ನನಗೆ ಸಂಬಳದಾಚೆ ಸಿಗುವುದು ಇದೇ. ಸುಂಟಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಹೋದ ವರ್ಷ ನಾವು ಮದ್ದು ಮಾರಿದ ಬೆಳೆಗಾರರು ಎದುರು ಸಿಕ್ಕರೆ ದಾರಿ ಬದಲಿಸಬೇಕಾಗಿಲ್ಲ. "ಬನ್ನಿ, ಕಾಫಿ ಕುಡ್ಕೊಂಡು ಹೋಗಿ" ಅಂತ ಅವರೇ ಕರೆಯುತ್ತಾರೆ. ನನ್ನ ಹುಡುಗರಿಗೂ ಅದು ಸಿಗಲಿ ಅನ್ನುವುದು ನನ್ನ ಆಸೆ.

ಸಂಜೆ ಗೋಣಿಕೊಪ್ಪದ ಹುಡುಗ ಮತ್ತೆ ಫೋನ್ ಮಾಡಿದ. ಡೀಲರ್ ಅಣ್ಣನಿಗೆ ಬಿಲ್ ಬೇಡ ಅಂತ ಹೇಳಿದನಂತೆ. ಅವರು ಮೊದಲು ಸಿಟ್ಟಾದರು, ಆಮೇಲೆ ಗೋಡೌನ್ ಮೂಲೆಯಲ್ಲಿ ಬಿದ್ದಿರುವ ಹಳೇ ಮಾಲಿನ ವಿಷಯ ಬಾಯಿ ಬಿಟ್ಟರಂತೆ. ಮಂಗಳವಾರ ಹೊಸ ಲೆಕ್ಕ ಶುರು. ಮೊದಲ ಕೆಲಸವಾಗಿ ಇಬ್ಬರೂ ಅಲ್ಲಿಗೆ ಹೋಗಿ, ಒಂದೊಂದೇ ಪೆಟ್ಟಿಗೆ ಇಳಿಸಿ, ತಾರೀಖು ನೋಡಿ ಪಟ್ಟಿ ಮಾಡುತ್ತೇವೆ.