ಕೋಲ್‌ರಿಜ್ ಗುಡ್: ಸಣ್ಣ ಅಕ್ಷರದಲ್ಲಿ ಸಿಗುವ ಹೆಸರು

ಬ್ರಿಟನ್ನಿನ ಹಳೆಯ ಜಾಝ್ ರೆಕಾರ್ಡುಗಳ ಹಿಂಬದಿ ಓದುತ್ತಾ ಹೋದರೆ ಒಂದು ಹೆಸರು ಪದೇ ಪದೇ ಸಿಗುತ್ತದೆ. ದಪ್ಪ ಅಕ್ಷರದಲ್ಲಿ ಅಲ್ಲ. ಪಿಯಾನೋ ಮತ್ತು ಡ್ರಮ್ಸ್ ಮಧ್ಯೆ ಎಲ್ಲೋ ಸಣ್ಣ ಅಕ್ಷರದಲ್ಲಿ: ಕೋಲ್‌ರಿಜ್ ಗುಡ್, ಬಾಸ್. ಅಂದರೆ ಡಬಲ್ ಬಾಸ್, ಪಿಟೀಲಿನ ಜಾತಿಯ ಆಳೆತ್ತರದ ತಂತಿವಾದ್ಯ. 1946ರಲ್ಲಿ ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ಲಂಡನ್‌ನಲ್ಲಿ ಮಾಡಿದ ರೆಕಾರ್ಡಿಂಗಿನಲ್ಲಿ ಅದೇ ಹೆಸರು. 1960ರಲ್ಲಿ ಸ್ಯಾಕ್ಸೊಫೋನ್ ವಾದಕ ಜೋ ಹ್ಯಾರಿಯಟ್ ಜಾಝ್‌ನ ಕಟ್ಟುಪಾಡುಗಳನ್ನೆಲ್ಲ ಬಿಟ್ಟು ನುಡಿಸಲು ಹೊರಟಾಗ ಅದೇ ಹೆಸರು. 1967ರಲ್ಲಿ ಬಂದ ಒಂದು ರೆಕಾರ್ಡಿನಲ್ಲಿ ಸಿತಾರ್, ತಬಲಾ, ತಂಬೂರಿ ಇವೆ, ಜೊತೆಗೆ ಸ್ಯಾಕ್ಸೊಫೋನ್ ಇದೆ, ಅಲ್ಲೂ ಇದೇ ಹೆಸರು. ಈ ಮೂರನ್ನೂ ಒಂದರ ಹಿಂದೆ ಒಂದು ಕೇಳಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ. ಆದರೆ ಮೂರರ ತಳದಲ್ಲೂ ಇದ್ದವರು ಒಬ್ಬರೇ.

ಗುಡ್ ಹುಟ್ಟಿದ್ದು 1914ರ ನವೆಂಬರ್ 29ರಂದು, ಜಮೈಕಾದ ಕಿಂಗ್‌ಸ್ಟನ್‌ನಲ್ಲಿ. ಅಪ್ಪ ಆರ್ಗನ್ ನುಡಿಸುತ್ತಿದ್ದರು, ಚರ್ಚಿನ ಕಾಯರ್ ನಡೆಸುತ್ತಿದ್ದರು. ಅಮ್ಮ ಅದರಲ್ಲಿ ಹಾಡುತ್ತಿದ್ದರು. ಮಗನಿಗೆ ಇಟ್ಟದ್ದು ಸ್ಯಾಮ್ಯುಯೆಲ್ ಕೋಲ್‌ರಿಜ್-ಟೇಲರ್ ಅವರ ಹೆಸರು. ಅವರು ಲಂಡನ್‌ನಲ್ಲಿ ಹುಟ್ಟಿ ಬೆಳೆದ ಕಪ್ಪು ಸಂಗೀತಗಾರ, ಅವರ ತಂದೆ ಸಿಯೆರಾ ಲಿಯೋನ್‌ನವರು. ಆ ಸಂಗೀತಗಾರನಿಗೆ ಹೆಸರು ಬಂದದ್ದು ಇಂಗ್ಲಿಷ್ ಕವಿ ಕೋಲ್‌ರಿಜ್‌ನಿಂದ. ಕವಿಯ ಹೆಸರು ಸುತ್ತಿ ಬಳಸಿ ಕಿಂಗ್‌ಸ್ಟನ್‌ನ ಒಂದು ಮನೆಗೆ ಬಂದು ಕೊನೆಗೆ ಡಬಲ್ ಬಾಸ್ ಹಿಡಿದು ನಿಂತಿತು! ಜಮೈಕಾ ಅಂದ ಕೂಡಲೇ ನಮಗೆ ರೆಗ್ಗೆ ನೆನಪಾಗುತ್ತದೆ. ಅದು ಹುಟ್ಟಲು ಆಗ ಇನ್ನೂ ಐವತ್ತಕ್ಕೂ ಹೆಚ್ಚು ವರ್ಷ ಬಾಕಿ. ಈ ಮನೆಯಲ್ಲಿ ನಡೆಯುತ್ತಿದ್ದದ್ದು ಯುರೋಪಿನ ಶಾಸ್ತ್ರೀಯ ಸಂಗೀತ. ಹುಡುಗ ಕಲಿತದ್ದು ಪಿಟೀಲು.

1934ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಗುಡ್ ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋದರು. ಸಂಗೀತ ಕಲಿಯಲು ಅಲ್ಲ, ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಲು. ಮೊದಲು ಅಲ್ಲಿನ ರಾಯಲ್ ಟೆಕ್ನಿಕಲ್ ಕಾಲೇಜು, ಆಮೇಲೆ ಗ್ಲಾಸ್ಗೋ ವಿಶ್ವವಿದ್ಯಾಲಯ. ಅಲ್ಲಿ ಜಾಝ್ ಕಿವಿಗೆ ಬಿತ್ತು. ಕೌಂಟ್ ಬೇಸಿ ಬ್ಯಾಂಡಿನಲ್ಲಿ ಬಾಸ್ ನುಡಿಸುತ್ತಿದ್ದ ವಾಲ್ಟರ್ ಪೇಜ್ ಇವರಿಗೆ ತಲೆಗೇರಿದರು. ಇಂಜಿನಿಯರಿಂಗ್ ಓದಿಕೊಂಡು, ಆಳೆತ್ತರದ ಹೊಸ ವಾದ್ಯ ಹಿಡಿಯುವುದು ಅಂದರೆ ನಮ್ಮ ಮನೆಗಳಲ್ಲಿ ಏನು ಗಲಾಟೆ ಆಗುತ್ತಿತ್ತು ಯೋಚಿಸಿ. ಪಿಟೀಲು ಗೊತ್ತಿದ್ದರೆ ಬಾಸ್ ಸುಲಭ ಅಂತಲೂ ಅಲ್ಲ. ಪಿಟೀಲಿನ ತಂತಿಗಳು ಸ-ಪ ಅಂತರದಲ್ಲಿ ಶ್ರುತಿಗೊಂಡಿದ್ದರೆ, ಡಬಲ್ ಬಾಸ್‌ನವು ಸ-ಮ ಅಂತರದಲ್ಲಿ. ಬೆರಳಿಗೆ ಗೊತ್ತಿದ್ದ ದಾರಿಯೆಲ್ಲ ತಪ್ಪುತ್ತದೆ.

ಕಮಾನು ಹಿಡಿಯುವುದು ಮಾತ್ರ ಕೈಗೆ ಗೊತ್ತಿತ್ತು. ಅದು ಮುಂದೆ ಗುಡ್ ಅವರ ಗುರುತೇ ಆಯಿತು. ಜಾಝ್‌ನಲ್ಲಿ ಬಾಸ್ ಅನ್ನು ಜಾಸ್ತಿ ಬೆರಳಿನಿಂದಲೇ ಮೀಟುತ್ತಾರೆ. ಅಮೆರಿಕದ ಸ್ಲಾಮ್ ಸ್ಟುವರ್ಟ್ ಎನ್ನುವವರು ಕಮಾನು ಎಳೆಯುತ್ತಾ ಅದೇ ಸ್ವರಗಳನ್ನು ಒಂದು ಸ್ಥಾಯಿ ಮೇಲೆ ಗುನುಗುವ ಶೈಲಿ ಮಾಡಿಕೊಂಡಿದ್ದರು. ಗುಡ್ ಅದನ್ನು ತಮ್ಮದಾಗಿಸಿಕೊಂಡರು. ಕೇಳಲು ಮಜಾ ಇರುತ್ತದೆ. ಮೊದಲ ಸಲ ಕೇಳಿದವರಿಗೆ ಇದು ವಾದ್ಯವೋ ಗಂಟಲೋ ಅಂತ ಗೊತ್ತಾಗುವುದೇ ಇಲ್ಲ.

ಇಲ್ಲಿ ಬಾಸ್ ಕೆಲಸ ಏನು ಅಂತ ಒಂದು ಮಾತು ಹೇಳಿಬಿಡುತ್ತೇನೆ, ಜಾಝ್ ಅಷ್ಟಾಗಿ ಕೇಳದವರಿಗೆ. ನಮ್ಮ ಕಛೇರಿಯಲ್ಲಿ ಶ್ರುತಿಗೆ ತಂಬೂರಿ ಇದೆ, ಲಯಕ್ಕೆ ಮೃದಂಗ ಇದೆ. ಜಾಝ್‌ನಲ್ಲಿ ಬಾಸ್ ನುಡಿಸುವವರು ಎರಡರ ಅರ್ಧರ್ಧ ಹೊರೆ ಹೊರುತ್ತಾರೆ. ನಾಲ್ಕು ಮಾತ್ರೆಗೆ ನಾಲ್ಕು ಸ್ವರ, ನಡೆದುಕೊಂಡು ಹೋದ ಹಾಗೆ. ಪ್ರತಿ ಸ್ವರವೂ ಈಗ ಯಾವ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ನಡೆಯುತ್ತಿದೆ ಅಂತ ಉಳಿದವರಿಗೆ ಹೇಳುತ್ತಿರುತ್ತದೆ. ಸ್ಯಾಕ್ಸೊಫೋನ್‌ನವರು ಬಾಗಿ ಎದ್ದು ಹಾರಾಡಬಹುದು. ಇವರು ತಪ್ಪಿದರೆ ಎಲ್ಲರೂ ತಪ್ಪುತ್ತಾರೆ.

1942ರಲ್ಲಿ ಗುಡ್ ಲಂಡನ್‌ಗೆ ಬಂದರು. ಯುದ್ಧದ ನಡುಮಧ್ಯ. ಅದರ ಹಿಂದಿನ ವರ್ಷ ಮಾರ್ಚ್‌ನಲ್ಲಿ ಕೆಫೆ ದ ಪ್ಯಾರಿ ಎಂಬ ನೈಟ್‌ಕ್ಲಬ್ ಮೇಲೆ ಜರ್ಮನ್ ಬಾಂಬ್ ಬಿದ್ದಿತ್ತು. ವೇದಿಕೆ ಮೇಲಿದ್ದ ಕೆನ್ 'ಸ್ನೇಕ್‌ಹಿಪ್ಸ್' ಜಾನ್ಸನ್ ಸತ್ತರು. ಗಯಾನಾದಲ್ಲಿ ಹುಟ್ಟಿದ ಜಾನ್ಸನ್ ನಡೆಸುತ್ತಿದ್ದದ್ದು ಹೆಚ್ಚಾಗಿ ಕೆರಿಬಿಯನ್ ವಾದಕರಿದ್ದ ಒಂದು ಡಾನ್ಸ್ ಬ್ಯಾಂಡ್, ಆಗ ಲಂಡನ್‌ನಲ್ಲಿ ಭಾರಿ ಹೆಸರು. ಬಾಂಬ್ ಬಿದ್ದ ಮೇಲೆ ಬದುಕುಳಿದವರು ಬೇರೆ ಬೇರೆ ಬ್ಯಾಂಡ್‌ಗಳಿಗೆ ಚದುರಿದರು. ಇಂಗ್ಲಿಷ್ ವಾದಕರು ಎಷ್ಟೋ ಜನ ಸೈನ್ಯದಲ್ಲಿದ್ದರು. ಹೀಗಾಗಿ ಕೆರಿಬಿಯನ್‌ನಿಂದ ಬಂದ ಒಳ್ಳೆ ಬಾಸ್ ವಾದಕರಿಗೆ ಕೆಲಸಕ್ಕೆ ಬರ ಇರಲಿಲ್ಲ. ಬ್ರಿಟನ್ನಿನ ಕೆರಿಬಿಯನ್ ಕಥೆ 1948ರಲ್ಲಿ ಅಲ್ಲಿನ ವಲಸಿಗರನ್ನು ಹೊತ್ತು ತಂದ ವಿಂಡ್‌ರಶ್ ಹಡಗಿನಿಂದ ಶುರುವಾಯಿತು ಅನ್ನುವುದು ಈಗಿನ ರೂಢಿ. ಗುಡ್ ಅದಕ್ಕೆ ಹದಿನಾಲ್ಕು ವರ್ಷ ಮೊದಲೇ ಬಂದು, ವೃತ್ತಿ ಬದಲಿಸಿ, 1944ರಲ್ಲಿ ಗರ್ಟ್ರೂಡ್ ಎಂಬ ವಿಯೆನ್ನಾದ ಹುಡುಗಿಯನ್ನು ಮದುವೆಯೂ ಆಗಿದ್ದರು.

ಯುದ್ಧ ಮುಗಿದ ಮೇಲೆ 1946ರ ಆರಂಭದಲ್ಲಿ ಜ್ಯಾಂಗೋ ಲಂಡನ್‌ಗೆ ಬಂದರು. 1939ರಲ್ಲಿ ಯುದ್ಧ ಶುರುವಾದಾಗ ಜ್ಯಾಂಗೋ ಪ್ಯಾರಿಸ್‌ಗೆ ಓಡಿದ್ದರು, ಪಿಟೀಲಿನ ಸ್ಟೆಫಾನ್ ಗ್ರಾಪೆಲ್ಲಿ ಲಂಡನ್‌ನಲ್ಲೇ ಉಳಿದಿದ್ದರು. ಅಷ್ಟು ವರ್ಷಗಳ ನಂತರ ಇಬ್ಬರೂ ಮತ್ತೆ ಒಟ್ಟಿಗೆ ಸ್ಟುಡಿಯೋ ಒಳಗೆ ಕೂತಾಗ ಬಾಸ್‌ಗೆ ಕರೆದದ್ದು ಗುಡ್ ಅವರನ್ನು. ಫ್ರಾನ್ಸಿನ ರಾಷ್ಟ್ರಗೀತೆಯನ್ನೇ ಸ್ವಿಂಗ್ ಮಾಡಿ, ಅಂದರೆ ಜಾಝ್‌ನ ತೂಗುವ ಲಯಕ್ಕೆ ಹಾಕಿ, ನುಡಿಸಿದ್ದಾರೆ ಅಲ್ಲಿ. ಆ ತಂಡದಲ್ಲಿ ಡ್ರಮ್ಸ್ ಇಲ್ಲ, ಬರೀ ತಂತಿವಾದ್ಯಗಳು. ಲಯ ಹಿಡಿಯುವುದು ರಿದಂ ಗಿಟಾರ್‌ಗಳ ಮತ್ತು ಬಾಸ್‌ನ ಪಾಲು. ಹಳೆಯ ರೆಕಾರ್ಡಿಂಗ್ ಆದರೂ ಬಾಸ್ ಚೆನ್ನಾಗಿಯೇ ಕೇಳಿಸುತ್ತದೆ.

ಅದೇ ಹೊತ್ತಿಗೆ ರೇ ಎಲಿಂಗ್ಟನ್ ಕ್ವಾರ್ಟೆಟ್ ಶುರುವಾಯಿತು. ಎಲಿಂಗ್ಟನ್ ಡ್ರಮ್ಸ್ ಬಾರಿಸುತ್ತಾ ಹಾಡುತ್ತಿದ್ದರು. ಡಿಕ್ ಕಾಟ್ಜ್ ಪಿಯಾನೋ. ಬ್ರಿಟನ್‌ನಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದ ಮೊದಲಿಗರಲ್ಲಿ ಒಬ್ಬರಾದ ಟ್ರಿನಿಡಾಡ್‌ನ ಲಾಡರಿಕ್ ಕೇಟನ್ ಗಿಟಾರ್. ಬಾಸ್ ಗುಡ್. ನಗಿಸುತ್ತಾ, ಹಾಡುತ್ತಾ, ಜನರನ್ನು ರಂಜಿಸುವ ತಂಡ ಅದು. ಗುಡ್ ಅವರ ಗುನುಗುವ ಕಮಾನಿಗೆ ಅಲ್ಲಿ ಚಪ್ಪಾಳೆ ಗ್ಯಾರಂಟಿ. ಅಲ್ಲಿಗೇ ನಿಂತಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ.

ಆದರೆ 1958ರಲ್ಲಿ ಜೋ ಹ್ಯಾರಿಯಟ್ ಕರೆದರು. ನನಗೆ ಈ ಮನುಷ್ಯನ ಬದುಕಿನಲ್ಲಿ ಜಾಸ್ತಿ ಇಷ್ಟವಾಗುವ ಭಾಗ ಇಲ್ಲಿಂದ ಶುರು.

ಹ್ಯಾರಿಯಟ್ ಕೂಡ ಕಿಂಗ್‌ಸ್ಟನ್‌ನವರು, ಆದರೆ ಹಿನ್ನೆಲೆ ಪೂರ್ತಿ ಬೇರೆ. ಆಲ್ಫಾ ಬಾಯ್ಸ್ ಸ್ಕೂಲ್ ಎಂಬ ಕ್ಯಾಥೊಲಿಕ್ ಸಂಸ್ಥೆಯಲ್ಲಿ ಬೆಳೆದವರು, 1951ರಲ್ಲಿ ಇಂಗ್ಲೆಂಡ್‌ಗೆ ಬಂದವರು. ಗುಡ್‌ಗಿಂತ ಹದಿನಾಲ್ಕು ವರ್ಷ ಚಿಕ್ಕವರು. ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಬೆಂಕಿ. ಕಾಯಿಲೆಯಿಂದ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರು ಒಂದು ಹೊಸ ಸಂಗೀತದ ಯೋಚನೆ ಮಾಡಿದರು. ಜಾಝ್‌ನಲ್ಲಿ ಒಂದೇ ಸಮನೆ ನಡೆಯುವ ಲಯ ಇದೆ, ಮೊದಲೇ ಗೊತ್ತಿರುವ ಕಾರ್ಡ್‌ಗಳ ಸಾಲು ಇದೆ, ಇಷ್ಟು ಬಾರ್‌ಗೆ (ನಮ್ಮ ಆವರ್ತದ ಹಾಗೆ) ಒಂದು ಸುತ್ತು ಎಂಬ ಲೆಕ್ಕ ಇದೆ. ಪ್ರತಿ ರಚನೆಯಲ್ಲಿ ಇವುಗಳಲ್ಲಿ ಒಂದನ್ನಾದರೂ ಇಟ್ಟುಕೊಳ್ಳೋಣ, ಬೇಕಾದರೆ ಉಳಿದದ್ದನ್ನೆಲ್ಲ ಬಿಡೋಣ ಅನ್ನುವುದು ಅವರ ವಾದ. ತಂಡದ ಕೆಲವರಿಗೆ ಇದು ಹಿಡಿಸಲಿಲ್ಲ, ಹೊರಟುಹೋದರು. ಗುಡ್ ಉಳಿದರು.

ವಯಸ್ಸು ಲೆಕ್ಕ ಹಾಕಿ. ಆ ಮೊದಲ ರೆಕಾರ್ಡಿಂಗ್ 1960ರ ನವೆಂಬರ್‌ನಲ್ಲಿ ಆಯಿತು. ಗುಡ್‌ಗೆ ಆಗ ನಲವತ್ತಾರು ತುಂಬುವ ಹೊತ್ತು. ಸ್ವಿಂಗ್ ಕಾಲದಲ್ಲಿ ಕಲಿತು, ಹದಿನೈದಿಪ್ಪತ್ತು ವರ್ಷ ಕಾರ್ಡ್ ಹೇಳುವುದೇ ಕೆಲಸ ಅಂತ ನುಡಿಸಿಕೊಂಡು ಬಂದವರ ಮುಂದೆ ಒಬ್ಬ ಕಿರಿಯ ಬಂದು, ಸಾರ್, ಇನ್ನು ಮೇಲೆ ಕಾರ್ಡ್ ಇಲ್ಲ ಅಂದರೆ ಹೇಗಿರುತ್ತದೆ? ಸ್ಯಾಕ್ಸೊಫೋನ್‌ಗೆ ಕಟ್ಟು ಬಿಚ್ಚಿದರೆ ಸ್ವಾತಂತ್ರ್ಯ. ಬಾಸ್‌ಗೆ ಕಟ್ಟು ಬಿಚ್ಚಿದರೆ ಕೆಲಸವೇ ಹೋದ ಹಾಗೆ, ಅಲ್ವಾ? ಹೊಸ ಕೆಲಸವನ್ನು ತಾವೇ ಹುಡುಕಿಕೊಳ್ಳಬೇಕು. ಆ ರೆಕಾರ್ಡಿನಲ್ಲಿ ಗುಡ್ ಅದನ್ನೇ ಮಾಡುತ್ತಾರೆ. ಒಂದು ಕಡೆ ನಡೆಯುತ್ತಾರೆ, ಒಮ್ಮೆಲೇ ನಿಲ್ಲುತ್ತಾರೆ. ಟ್ರಂಪೆಟ್‌ನ ಶೇಕ್ ಕೀನ್ ಎಸೆದ ಒಂದು ತುಣುಕನ್ನು ಹಿಡಿದು ತಳದಿಂದ ಮಾತಾಡಿಸುತ್ತಾರೆ, ಕೆಲವು ಕಡೆ ಕಮಾನು ತೆಗೆಯುತ್ತಾರೆ. ಚಪ್ಪಾಳೆ ಗಿಟ್ಟಿಸಲು ಕಲಿತ ಕಮಾನು ಇಲ್ಲಿ ಇನ್ನೊಂದೇ ಕೆಲಸಕ್ಕೆ ಬಂತು.

ಸೇಂಟ್ ವಿನ್ಸೆಂಟ್ ದ್ವೀಪದ ಶೇಕ್ ಕೀನ್, ಸ್ಕಾಟ್ಲೆಂಡಿನ ಪ್ಯಾಟ್ ಸ್ಮೈತ್ ಪಿಯಾನೋ, ಡ್ರಮ್ಸ್‌ಗೆ ಇಂಗ್ಲೆಂಡಿನ ಫಿಲ್ ಸೀಮನ್. ತಂಡ ಶುರುವಾದ 1958ರಲ್ಲೇ ಲಂಡನ್‌ನ ನಾಟಿಂಗ್ ಹಿಲ್‌ನಲ್ಲಿ ಕೆರಿಬಿಯನ್ ಜನರ ಮೇಲೆ ಬಿಳಿಯ ಯುವಕರ ಗುಂಪುಗಳು ದಾಳಿ ಮಾಡಿದ್ದವು. ಅದೇ ಊರಿನಲ್ಲಿ ಈ ಐದು ಜನ ಒಬ್ಬರ ಮಾತಿಗೆ ಒಬ್ಬರು ಕಿವಿಗೊಟ್ಟು ನುಡಿಸುತ್ತಿದ್ದರು. 1963ರಲ್ಲಿ ಬಂದ ಇದರ ಮುಂದಿನ ರೆಕಾರ್ಡಿಗೆ ಅಮೆರಿಕದ 'ಡೌನ್‌ಬೀಟ್' ಪತ್ರಿಕೆ ಐದಕ್ಕೆ ಐದು ನಕ್ಷತ್ರ ಕೊಟ್ಟಿತು. ಹೀಗೆ ಕಟ್ಟು ಬಿಚ್ಚಿದ ಫ್ರೀ ಜಾಝ್ ಮೊದಲು ಮಾಡಿದವರು ಅಮೆರಿಕದ ಆರ್ನೆಟ್ ಕೋಲ್ಮನ್ನೋ ಹ್ಯಾರಿಯಟ್ಟೋ ಅನ್ನುವ ಜಗಳ ಈಗಲೂ ನಡೆಯುತ್ತದೆ. ಸುಮ್ನೆ ಟೈಮ್ ವೇಸ್ಟ್. ಕೋಲ್ಮನ್ 1959ರಲ್ಲೇ ಆ ದಾರಿ ಹಿಡಿದಿದ್ದರು, ಹ್ಯಾರಿಯಟ್ ದಾರಿ ಬೇರೆ. ಎರಡೂ ಕೇಳಿದರೆ ಕಿವಿಗೇ ಗೊತ್ತಾಗುತ್ತದೆ.

ಈಗ ಸಿತಾರ್ ಕಥೆ. ಜಾನ್ ಮೇಯರ್ ಅಂತ ಒಬ್ಬರು, ಗಿಟಾರ್ ಹಿಡಿದ ಈಗಿನ ಅಮೆರಿಕದ ಹುಡುಗ ಅಲ್ಲ. ಕಲ್ಕತ್ತಾದಲ್ಲಿ ಹುಟ್ಟಿದವರು, ಅಪ್ಪ ಆಂಗ್ಲೋ-ಇಂಡಿಯನ್, ಅಮ್ಮ ತಮಿಳರು. ಪಿಟೀಲು ವಾದಕರಾಗಿ ಲಂಡನ್‌ನ ರಾಯಲ್ ಅಕಾಡೆಮಿಯಲ್ಲಿ ಓದಿ ಅಲ್ಲಿನ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ನುಡಿಸಿದರು. ಅವರು ಹ್ಯಾರಿಯಟ್ ಜೊತೆ ಸೇರಿ ಐದು ಜನ ಜಾಝ್‌ನವರು, ಐದು ಜನ ಇತ್ತ ಕಡೆಯವರು ಎನ್ನುವ ಜೋಡಿ ತಂಡ ಕಟ್ಟಿದರು. ದಿವಾನ್ ಮೋತಿಹಾರ್ ಸಿತಾರ್, ಕೇಶವ ಸಾಠೆ ತಬಲಾ. 1966ರಲ್ಲಿ ಬಂದ ಮೊದಲ ರೆಕಾರ್ಡಿನಲ್ಲಿ ಬಾಸ್ ನುಡಿಸಿದ್ದು ಗುಡ್ ಅಲ್ಲ, ರಿಕ್ ಲೇರ್ಡ್. ಅವರು ಮುಂದೆ ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ಜಾಝ್-ರಾಕ್ ತಂಡ ಸೇರಿದರು. 1967 ಮತ್ತು 1968ರ ಎರಡು ರೆಕಾರ್ಡುಗಳಲ್ಲಿ ಗುಡ್ ಇದ್ದಾರೆ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಈ ಇಂಡೋ-ಜಾಝ್ ಎಲ್ಲ ಕಡೆಯೂ ಚೆನ್ನಾಗಿ ಬೆರೆತಿಲ್ಲ. ಕೆಲವು ಕಡೆ ಸಿತಾರ್ ತನ್ನ ಸರದಿ ಮುಗಿಸಿ ಕೂರುತ್ತದೆ, ಸ್ಯಾಕ್ಸೊಫೋನ್ ಎದ್ದು ಬರುತ್ತದೆ, ನೆಂಟರ ಮನೆಯಲ್ಲಿ ಎರಡು ಪಂಕ್ತಿ ಊಟದ ಹಾಗೆ. ನಮ್ಮ ಕಿವಿಗೆ ರಾಗ ಅಲ್ಲಲ್ಲಿ ಬರೀ ಸ್ವರಗಳ ಪಟ್ಟಿ ಅನ್ನಿಸುತ್ತದೆ, ಗಮಕ ಎಲ್ಲಿ ಅಂತ ಹುಡುಕುವ ಹಾಗಾಗುತ್ತದೆ. ಆದರೆ ಬಾಸ್ ಕಡೆ ಗಮನ ಕೊಟ್ಟರೆ ಬೇರೆ ವಿಷಯ ಕಾಣುತ್ತದೆ. ತಂಬೂರಿ ಷಡ್ಜ ಬಿಡುವುದಿಲ್ಲ. ಜಾಝ್ ಬಾಸ್‌ನ ಅಭ್ಯಾಸ ಎಲ್ಲಿಯೂ ನಿಲ್ಲದೆ ಚಲಿಸುವುದು. ತಂಬೂರಿ ಮೇಲೆ ಬಾಸ್ ಸುಮ್ಮನೆ ಓಡಾಡಿದರೆ ಕೆಸರು. ಅದಕ್ಕೇ ಇಲ್ಲಿ ಬಾಸ್ ಬಹಳ ಕಡೆ ಒಂದೇ ಸಣ್ಣ ಮಟ್ಟನ್ನು ತಿರುಗಿಸಿ ತಿರುಗಿಸಿ ನುಡಿಸುತ್ತಾ ತಬಲಾ ಪಕ್ಕ ನಿಲ್ಲುತ್ತದೆ. ಕಾರ್ಡ್ ಬಿಟ್ಟು ಬದುಕುವುದನ್ನು ಆರು ವರ್ಷ ಮೊದಲೇ ಕಲಿತವರಿಗೆ ಇದು ಕಷ್ಟವಾಗಿರಲಿಕ್ಕಿಲ್ಲ ಅಂತ ನನ್ನ ಊಹೆ. ಈ ದಾರಿಯಲ್ಲಿ ಮುಂದೆ ನಮ್ಮ ಬೆಂಗಳೂರಿನವರೂ ನಡೆದರು. ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಆರ್.ಎ. ರಮಾಮಣಿ ಅವರ ಗಾಯನ, ಜೊತೆಗೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಸೇರಿ 1983ರಲ್ಲಿ ಮಾಡಿದ ರೆಕಾರ್ಡ್ ನನ್ನ ಕಿವಿಗೆ ಇದಕ್ಕಿಂತ ಎಷ್ಟೋ ಪಾಲು ಹದವಾಗಿದೆ. ಅಲ್ಲಿ ತಾಳದ ಲೆಕ್ಕ ಗೊತ್ತಿದ್ದವರೇ ಮುಂದೆ ನಿಂತಿದ್ದರು.

ಹ್ಯಾರಿಯಟ್ 1973ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು, ಇನ್ನೂ ನಲವತ್ತನಾಲ್ಕು, ಕೈಯಲ್ಲಿ ಕಾಸಿಲ್ಲ. ಕೀನ್ ಕವಿಯೂ ಹೌದು, ಎಪ್ಪತ್ತರ ದಶಕದಲ್ಲಿ ತಮ್ಮ ದ್ವೀಪದ ಕಡೆ ತಿರುಗಿದರು. ಗುಡ್ ನುಡಿಸುತ್ತಲೇ ಇದ್ದರು. ಪಿಯಾನೋ ವಾದಕ ಮೈಕಲ್ ಗ್ಯಾರಿಕ್ ಅವರ ಜೊತೆ ಅರವತ್ತರ ದಶಕದಿಂದಲೇ ಕೆಲಸ ಮಾಡುತ್ತಿದ್ದರು. ಅಲ್ಲಿ ಕವಿಗಳು ವೇದಿಕೆ ಮೇಲೆ ಪದ್ಯ ಓದುತ್ತಿದ್ದರು, ನಡುವೆ ಜಾಝ್. ಪದ್ಯದ ಪಕ್ಕ ನುಡಿಸುವುದು ಇನ್ನೊಂದು ಬಗೆಯ ಸಂಯಮ, ಅದನ್ನೂ ಮಾಡಿದರು. ಮುಂದೆ ಉತ್ತರ ಲಂಡನ್‌ನ ಕ್ರೌಚ್ ಎಂಡ್‌ನಲ್ಲಿ ಕಿಂಗ್ಸ್ ಹೆಡ್ ಎಂಬ ಪಬ್‌ನಲ್ಲಿ ಡ್ರಮ್ಸ್‌ನ ಲಾರಿ ಮಾರ್ಗನ್ ತಂಡದಲ್ಲಿ ಇಳಿವಯಸ್ಸಿನವರೆಗೂ ಬಾಸ್ ಹಿಡಿದು ನಿಂತರು. 2002ರಲ್ಲಿ ರೋಜರ್ ಕಾಟರೆಲ್ ಜೊತೆ ಸೇರಿ ಆತ್ಮಕಥೆ ಬರೆದರು. 2011ರಲ್ಲಿ ಬ್ರಿಟಿಷ್ ಸಂಸತ್ತಿನ ಜಾಝ್ ಪ್ರಶಸ್ತಿಗಳಲ್ಲಿ ಒಂದು ಗೌರವ ಬಂತು, ತೊಂಬತ್ತಾರರ ವಯಸ್ಸಿಗೆ! 2015ರ ಅಕ್ಟೋಬರ್ 2ರಂದು ತೀರಿಕೊಂಡಾಗ ನೂರು ದಾಟಿತ್ತು.

ಎಲ್ಲಕ್ಕೂ ಸೈ ಅನ್ನಿಸಿಕೊಂಡವರ ಬಗ್ಗೆ ಒಂದು ತಾತ್ಸಾರ ಇರುತ್ತದೆ, ಅವರಿಗೆ ತಮ್ಮದು ಅಂತ ಏನೂ ಇಲ್ಲ ಅಂತ. ಗುಡ್ ವಿಷಯದಲ್ಲಿ ನನಗೆ ಅದು ಒಪ್ಪಿಗೆಯಿಲ್ಲ. ಜ್ಯಾಂಗೋ ಜೊತೆಯೂ ಹ್ಯಾರಿಯಟ್ ಜೊತೆಯೂ ಅದೇ ದುಂಡನೆಯ ನಾದ, ಅದೇ ಆತುರವಿಲ್ಲದ ಹೆಜ್ಜೆ. ಸುತ್ತಲಿನವರು ಬದಲಾದರು, ಅಷ್ಟೆ.

ಕೇಳುವುದಾದರೆ ಮೊದಲು ಹ್ಯಾರಿಯಟ್ ಅವರ 1960ರ ರೆಕಾರ್ಡಿಂಗಿನಿಂದ ಶುರು ಮಾಡಿ, 1946ರದ್ದನ್ನು ಆಮೇಲೆ ಕೇಳಿ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ. ಡಬಲ್ ಬಾಸ್‌ನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಜ್, ಆ ಪುಟಾಣಿ ಸ್ಪೀಕರ್‌ಗೆ ಅದು ನಿಲುಕುವುದಿಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ.