ಜಾಗ ನಿಜಕ್ಕೂ ಸುಮ್ನೆ ಕೂತಿದೆಯಾ?

ನಮ್ಮ ಮಾತಿನಲ್ಲಿ ಕಾಲಕ್ಕೆ ಎಷ್ಟು ಕೆಲಸ ನೋಡಿ. ಬರುತ್ತದೆ, ಹೋಗುತ್ತದೆ, ಕೂಡಿ ಬರುತ್ತದೆ, ಕೆಲವೊಮ್ಮೆ ಕೆಟ್ಟೂ ಹೋಗುತ್ತದೆ. ಜಾಗದ ಕಥೆ ಬೇರೆ. ಅದನ್ನು ನಾವು ಹಿಡಿಯುತ್ತೇವೆ, ಬಿಡುತ್ತೇವೆ, ಖಾಲಿ ಮಾಡುತ್ತೇವೆ, ಅದು ಮಾತ್ರ ತಾನಾಗಿ ಏನೂ ಮಾಡುವುದಿಲ್ಲ.

ತತ್ವ ಹೇಳಿದವರದ್ದೂ ಹೆಚ್ಚುಕಮ್ಮಿ ಇದೇ ಲೆಕ್ಕ. ಅಥರ್ವವೇದದ ಕಾಲಸೂಕ್ತದಲ್ಲಿ ಕಾಲ ಓಡುವ ಕುದುರೆ. 1920ರಲ್ಲಿ ಸ್ಯಾಮ್ಯುಯೆಲ್ ಅಲೆಕ್ಸಾಂಡರ್ ಅನ್ನೋ ತತ್ವಜ್ಞಾನಿ ಕಾಲವೇ ದೇಶದ ಮನಸ್ಸು, ದೇಶ ಕಾಲದ ಮೈ ಅಂದ. (ದೇಶ ಅಂದ್ರೆ ಇಲ್ಲಿ ಜಾಗ, ಪಾಸ್‌ಪೋರ್ಟಿನ ದೇಶ ಅಲ್ಲ.) ಚೆಂದದ ಮಾತು, ಆದರೆ ನನಗೆ ಒಪ್ಪಿಗೆಯಿಲ್ಲ. ಮೈ ಅಂದರೆ ಸುಮ್ನೆ ಬಿದ್ದಿರೋದು ಅಂತ ಯಾರು ಹೇಳಿದ್ದು? ಸಾಂಖ್ಯ ದರ್ಶನದಲ್ಲಂತೂ ಕೆಲಸವೆಲ್ಲ ಪ್ರಕೃತಿಯದೇ, ಅಂದರೆ ಜಡದ್ದೇ. ಪುರುಷ, ಅಂದರೆ ಚೇತನ, ಬರೀ ನೋಡುತ್ತಾ ಕೂತಿರುತ್ತಾನೆ.

ನನಗೆ ಜಾಸ್ತಿ ಹಿಡಿಸಿದ್ದು ಪ್ಲೇಟೋ ಕೊಟ್ಟ ಹೋಲಿಕೆ. ಅವನ ಟೈಮೇಯಸ್ ಅನ್ನೋ ಕೃತಿಯಲ್ಲಿ ಜಾಗ ಅಂದರೆ ಎಲ್ಲವನ್ನೂ ಮಡಿಲಲ್ಲಿ ಇಟ್ಟುಕೊಳ್ಳುವ ದಾದಿ. ತನ್ನದು ಅಂತ ಒಂದು ರೂಪವೂ ಅವಳಿಗಿಲ್ಲ. ಇದಕ್ಕಿಂತ ಸಪ್ಪೆ ಪಾತ್ರ ಬೇಕಾ? ಆದರೆ ಸ್ವಲ್ಪ ಮುಂದೆ ಓದಿದರೆ ಒಳಗಿರುವ ವಸ್ತುಗಳು ಅವಳನ್ನು ಅಲ್ಲಾಡಿಸುತ್ತವೆ, ಅವಳು ತಿರುಗಿ ಅವನ್ನು ಅಲ್ಲಾಡಿಸುತ್ತಾಳೆ, ಕೇರುವಾಗ ಗಟ್ಟಿ ಕಾಳು ಒಂದು ಕಡೆ ಉಳಿದು ಹೊಟ್ಟು ಇನ್ನೊಂದು ಕಡೆ ಹಾರುವ ಹಾಗೆ ಭಾರದ್ದು ಹಗುರದ್ದು ಬೇರೆಬೇರೆ ಆಗುತ್ತವೆ. ಮೊರ ಏನೂ ಮಾಡಲಿಲ್ಲ ಅಂತ ಕೇರಿದವರು ಹೇಳುತ್ತಾರಾ?

ಇನ್ನು ನ್ಯೂಟನ್‌ನ ಬಕೆಟ್, 1687ರದ್ದು. ನೀರು ತುಂಬಿದ ಬಕೆಟ್ಟನ್ನು ಹಗ್ಗಕ್ಕೆ ನೇತುಹಾಕಿ, ಹಗ್ಗ ಚೆನ್ನಾಗಿ ತಿರುಚಿ ಬಿಡಿ. ಮೊದಲು ಬಕೆಟ್ ಮಾತ್ರ ಗಿರಗಿರ ಅನ್ನುತ್ತದೆ, ನೀರು ಮಟ್ಟಸವಾಗಿಯೇ ಇರುತ್ತದೆ. ಆಮೇಲೆ ನೀರೂ ಅದರ ಜೊತೆ ತಿರುಗಿ, ಅಂಚಿನಲ್ಲಿ ಏರಿ, ನಡುವೆ ತಗ್ಗಾಗುತ್ತದೆ. ಈಗ ಎರಡೂ ಒಟ್ಟಿಗೇ ತಿರುಗುತ್ತಿವೆ ಅಲ್ವಾ, ಮತ್ತೆ ಆ ತಗ್ಗು ಯಾಕೆ? ನೀರು ತಿರುಗುತ್ತಿರುವುದು ಜಾಗದ ಲೆಕ್ಕದಲ್ಲಿ ಅಂದ ನ್ಯೂಟನ್. ಅಂದರೆ ಅವನ ಜಾಗ ನೀರನ್ನು ಆಡಿಸುತ್ತದೆ, ಅದನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. ಐನ್‌ಸ್ಟೈನ್‌ಗೆ ಸರಿಬರದೆ ಇದ್ದದ್ದು ಈ ಏಕಪಕ್ಷೀಯ ಗತ್ತು. 1915ರ ಅವನ ಸಿದ್ಧಾಂತದಲ್ಲಿ ವಸ್ತುವಿನಿಂದ ದೇಶಕಾಲ ಬಾಗುತ್ತದೆ, ಬಾಗಿದ ದೇಶಕಾಲ ವಸ್ತುವಿನ ದಾರಿ ತಿರುಗಿಸುತ್ತದೆ. ಕಾಲಕ್ಕೂ ವಿನಾಯಿತಿ ಇಲ್ಲ. ವೇದದ ಆ ಕುದುರೆ ಕೂಡ ಭಾರೀ ನಕ್ಷತ್ರದ ಪಕ್ಕ ಬಂದರೆ ನಿಧಾನ ಆಗುತ್ತದೆ.