ಉದ್ದರಿ ವಿಮರ್ಶೆ ಇನ್ನು ಸಾಕು

ನನ್ನ ಗೊಬ್ಬರದ ಅಂಗಡಿಯ ಕೌಂಟರ್ ಮೇಲೆ ಈಗ ಎರಡು ರಾಶಿ ಇವೆ. ಒಂದು ಕೀಟನಾಶಕ ಕಂಪನಿಯವರು ಬಿಟ್ಟುಹೋದ ಬಣ್ಣದ ಕರಪತ್ರಗಳದ್ದು. ಇನ್ನೊಂದು ವಿಮರ್ಶೆಗೆ ಅಂತ ಬಂದ ಪುಸ್ತಕಗಳದ್ದು. ಎರಡರ ಬೆನ್ನಮೇಲೂ ಹೊಗಳಿಕೆ ಜಾಸ್ತಿ.

ಸಿಂಧನೂರಿನಲ್ಲಿ ಯೂರಿಯಾ ಮಾರುವವನು ಕಥೆ ಬರೀತಾನೆ ಅಂದರೆ ಜನರಿಗೆ ನಗು. "ಸಾವ್ಕಾರ್ರ, ನೀವು ಓದಾಕ ಕುಂತ್ರ ಚೀಲ ಯಾರು ಕೊಡಬೇಕ್ರಿ?" ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಈ ಅಂಗಡಿಯೇ ನನಗೆ ಬರವಣಿಗೆಯ ವೇಳಾಪಟ್ಟಿ ಹಾಕಿಕೊಟ್ಟಿದೆ. ಜುಲೈ, ಆಗಸ್ಟ್‌ನಲ್ಲಿ ಭತ್ತದ ನಾಟಿ. ಆಗ ತಲೆ ಎತ್ತೋಕೆ ಆಗಲ್ಲ. ವಿಮರ್ಶೆ ಮಾತ್ರ ಹೇಗೋ ನಡೆಯುತ್ತದೆ. ಒಂದು ಪ್ಯಾರಾ ಬರೆದು, ಎದ್ದು ಹೋಗಿ ಡಿಎಪಿ ಕೊಟ್ಟು, ಬಿಲ್ಲು ಹರಿದು, ವಾಪಸ್ ಬಂದು ಇನ್ನೊಂದು ಪ್ಯಾರಾ ಬರೆಯಬಹುದು. ಬೇರೆಯವರ ಪುಸ್ತಕ ಅಲ್ಲೇ ಬಿದ್ದಿರುತ್ತದೆ, ಎಲ್ಲೂ ಹೋಗಲ್ಲ. ಕಾದಂಬರಿ ಹಾಗಲ್ಲ. ಒಂದು ಸಲ ಎದ್ದರೆ ಪಾತ್ರಗಳೂ ಎದ್ದು ಹೋಗುತ್ತವೆ. ಅದಕ್ಕೆ ಬೇಕಾದದ್ದು ಬೇಸಿಗೆ. ಎರಡನೇ ಬೆಳೆಯ ಕೊಯ್ಲು ಮುಗಿದು, ಕಾಲುವೆ ಒಣಗಿ, ಮತ್ತೆ ನೀರು ಬಿಡುವವರೆಗಿನ ಬಿಡುವು. ಬಿಸಿಲಿಗೆ ಹೆದರಿ ಮಧ್ಯಾಹ್ನ ನೊಣವೂ ಅಂಗಡಿಗೆ ಬರಲ್ಲ. ಬರೆಯೋಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ.

ಈಚೆಗೆ ಆ ಬೇಸಿಗೆಯನ್ನೂ ವಿಮರ್ಶೆ ತಿನ್ನುತ್ತಿದೆ. ಇವತ್ತಿನ ಬರಹ ಅದರ ಬಗ್ಗೆ.

ಪುಸ್ತಕಗಳು ಬರುವುದು ಅಂಚೆಯಲ್ಲಿ. ಮೊದಲು ಬುಕ್ ಪೋಸ್ಟ್ ಅಂತ ಅಗ್ಗದ ದಾರಿ ಇತ್ತು. 2024ರ ಡಿಸೆಂಬರ್‌ನಲ್ಲಿ ಅಂಚೆ ಇಲಾಖೆ ಅದನ್ನು ನಿಲ್ಲಿಸಿತು. ಆ ಕೆಲವು ತಿಂಗಳು ನನ್ನ ರಾಶಿ ಸ್ವಲ್ಪ ಕರಗಿತ್ತು, ಸುಳ್ಳು ಯಾಕೆ ಹೇಳಲಿ, ಖುಷಿಯೂ ಆಗಿತ್ತು. 2025ರ ಮೇ 1ರಿಂದ ಜ್ಞಾನ್ ಪೋಸ್ಟ್ ಬಂತು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ಮೇಲೆ ತೆರಿಗೆ. ಕವನ ಸಂಕಲನಗಳೆಲ್ಲ ಆ 20 ರೂಪಾಯಿಯಲ್ಲೇ ಆರಾಮಾಗಿ ಕೂರುತ್ತವೆ. ಹಾಗಾಗಿ ರಾಶಿ ಮತ್ತೆ ಬೆಳೆಯಿತು.

ಕಳಿಸುವವರ ಕಷ್ಟ ನನಗೆ ಗೊತ್ತು. ನನ್ನ ಮೊದಲ ಕಥಾ ಸಂಕಲನ ಬಂದಾಗ ನಾನೂ ಪತ್ರಿಕೆಗಳಿಗೆ ಎರಡೆರಡು ಪ್ರತಿ ಕಳಿಸಿ, ಭಾನುವಾರದ ಪುರವಣಿ ತೆಗೆದು ಹುಡುಕುತ್ತಿದ್ದೆ. ಕೊನೆಗೆ ಸಿಕ್ಕಿದ್ದು 'ಸಾದರ ಸ್ವೀಕಾರ'ದಲ್ಲಿ ಒಂದು ಸಾಲು. ಪುಸ್ತಕದ ಹೆಸರು, ನನ್ನ ಹೆಸರು, ಪುಟ, ಬೆಲೆ. ಅದನ್ನೂ ಕತ್ತರಿಸಿ ಇಟ್ಟುಕೊಂಡಿದ್ದೆ. ಬೆಂಗಳೂರಿನಲ್ಲಿ ಪುಸ್ತಕ ಬಂದರೆ ಸಭಾಂಗಣ, ಕ್ಯಾಮೆರಾ ಎಲ್ಲ ಇರುತ್ತದೆ. ರಾಯಚೂರು ಕಡೆಯವನಿಗೆ ಬರೆದವನೇ ಪ್ರಚಾರಕ, ಬರೆದವನೇ ಹಮಾಲ.

ಆದರೆ ಆ ಕಷ್ಟದಿಂದಲೇ ಒಂದು ಕೆಟ್ಟ ಅಭ್ಯಾಸ ಹುಟ್ಟಿದೆ. ನನ್ನ ಅಂಗಡಿಯಲ್ಲಿ ಒಂದು ಉದ್ದರಿ ಪುಸ್ತಕ ಇದೆ. ರೈತ ಬಿತ್ತುವಾಗ ಗೊಬ್ಬರ ಒಯ್ಯುತ್ತಾನೆ, ಕಟಾವಾದ ಮೇಲೆ ತೀರಿಸುತ್ತಾನೆ. ನಮ್ಮ ಸಾಹಿತ್ಯದಲ್ಲೂ ಅಂಥದ್ದೇ ಖಾತೆ ನಡೆಯುತ್ತಿದೆ. ನೀನು ನನ್ನ ಸಂಕಲನಕ್ಕೆ ಬೆನ್ನುಡಿ ಬರೆದೆ, ನಾನು ನಿನ್ನದಕ್ಕೆ ವಿಮರ್ಶೆ ಬರೀಬೇಕು. ನಾನು ನಿನ್ನ ಬಿಡುಗಡೆ ಸಮಾರಂಭದಲ್ಲಿ ಕೃತಿ ಪರಿಚಯ ಮಾಡಿದೆ, ನೀನು ನನ್ನದಕ್ಕೆ ಮುನ್ನುಡಿ ಕೊಡಬೇಕು. ಯಾರೂ ಬಾಯಿಬಿಟ್ಟು ಕೇಳಲ್ಲ. ಆದರೆ ಎಲ್ಲರಿಗೂ ಬಾಕಿ ಎಷ್ಟು ಅಂತ ಗೊತ್ತು. ಅದಕ್ಕೇ ಎಲ್ಲ ವಿಮರ್ಶೆಗಳೂ ಒಂದೇ ಕಡೆ ಮುಗಿಯುತ್ತವೆ: 'ಇವರ ಲೇಖನಿಯಿಂದ ಇನ್ನಷ್ಟು ಕೃತಿಗಳು ಹೊರಬರಲಿ.' ಹೊರಬರುತ್ತಲೂ ಇವೆ. ಅದೇ ತಾನೇ ಸಮಸ್ಯೆ.

ಸಣ್ಣ ಊರಿನಲ್ಲಿ ಖಡಕ್ಕಾಗಿ ಬರೆಯುವುದು ಸುಲಭ ಅಲ್ಲ. ಹೋದ ವರ್ಷ ಒಬ್ಬರ ಗಜಲ್ ಸಂಕಲನದ ಬಗ್ಗೆ ಇದ್ದದ್ದನ್ನು ಇದ್ದಹಾಗೆ ಬರೆದೆ. ಮುಂದಿನ ವಾರ ಒಂದು ಮದುವೆಯಲ್ಲಿ ಊಟದ ಸಾಲಿನಲ್ಲಿ ಅವರು ನನ್ನ ಪಕ್ಕದಲ್ಲೇ ಕೂತರು. ಹೋಳಿಗೆ ಮುಗಿಯುವವರೆಗೆ ಮಾತಿಲ್ಲ. ಕೈ ತೊಳೆಯುವಾಗ ಮಾತ್ರ, "ಬರೀ ಬೈದಿಲ್ಲ ಬಿಡ್ರಿ, ಓದೀರಿ" ಅಂದರು. ನನಗೆ ಈವರೆಗೆ ಸಿಕ್ಕ ಒಳ್ಳೆಯ ಸರ್ಟಿಫಿಕೇಟ್ ಅದು.

ಗಜಲ್ ಮಾತು ಬಂತಲ್ಲ, ಸ್ವಲ್ಪ ಹೇಳಿಬಿಡ್ತೀನಿ. ಕನ್ನಡದಲ್ಲಿ ಗಜಲ್ ಬೇರು ಬಿಟ್ಟದ್ದೇ ನಮ್ಮ ಕಡೆ. ನಿಜಾಮರ ಕಾಲದ ಉರ್ದು ಇಲ್ಲಿ ಶಾಲೆಯಲ್ಲೂ ಇತ್ತು, ಸಂತೆಯಲ್ಲೂ ಇತ್ತು. ಆ ಹದದಲ್ಲಿ ಬೆಳೆದ ರಾಯಚೂರು ಕಡೆಯ ಕವಿ ಶಾಂತರಸರು ಗಜಲನ್ನು ಕನ್ನಡಕ್ಕೆ ಒಗ್ಗಿಸಿದರು. ಈಗ ನನಗೆ ಬರುವ ಪುಸ್ತಕಗಳಲ್ಲಿ ಗಜಲ್‌ಗಳದ್ದೇ ಸಿಂಹಪಾಲು. ನಾನು ಮಾಡುವ ಪರೀಕ್ಷೆ ಒಂದೇ. ಪ್ರತಿ ಶೇರ್‌ನ, ಅಂದರೆ ಎರಡು ಸಾಲಿನ ಪದ್ಯದ, ಕೊನೆಗೆ ಮತ್ತೆ ಮತ್ತೆ ಬರುವ ಪದ ಇರುತ್ತದಲ್ಲ, ರದೀಫ್, ಅದನ್ನು ಬೆರಳಿಂದ ಮುಚ್ಚಿ ಓದುತ್ತೇನೆ. ಅದಿಲ್ಲದೆಯೂ ಸಾಲು ಪೂರ್ತಿ ಅನ್ನಿಸಿದರೆ ರದೀಫ್ ಅಂಟಿಸಿದ್ದು ಅಂತ ಅರ್ಥ. ಒಳ್ಳೆಯ ಗಜಲ್‌ನಲ್ಲಿ ಅದೇ ಪದ ಪ್ರತಿ ಸಲ ಬೇರೆ ಮುಖ ಹೊತ್ತು ಬರುತ್ತದೆ. ಅದರ ಹಿಂದಿನ ಕಾಫಿಯಾ, ಅಂದರೆ ಪ್ರಾಸ, ಹುಡುಕಿ ಹುಡುಕಿ ಸುಸ್ತಾದ ಕವಿ ಮೂರನೇ ಶೇರ್‌ನಲ್ಲೇ ಸಿಕ್ಕಿಬೀಳುತ್ತಾನೆ. ಕೊನೆಯ ಶೇರ್‌ನಲ್ಲಿ ಅಂಕಿತ ಮಾತ್ರ ಯಾರೂ ಮರೆಯಲ್ಲ.

ತೊಂದರೆ ಏನು ಅಂದರೆ, ಇಷ್ಟು ಗಜಲ್ ಓದಿದ ಮೇಲೆ ನನ್ನ ಕಾದಂಬರಿಯ ರೈತರೂ ತೂಗಾಡುತ್ತಾ ಮಾತಾಡೋಕೆ ಶುರು ಮಾಡಿದರು. ಕಾಲುವೆ ನೀರು ನೋಡಿಕೊಳ್ಳುವ ಒಬ್ಬ ಗ್ಯಾಂಗ್‌ಮ್ಯಾನ್ ತೂಬಿನ ಮುಂದೆ ನಿಂತು ವಿರಹದ ಬಗ್ಗೆ ಹೇಳುತ್ತಿದ್ದ. ಆ ಮಾತು ಹೊಡೆದು ಹಾಕಿದೆ.

ಆ ಕಾದಂಬರಿ ತುಂಗಭದ್ರಾ ಎಡದಂಡೆ ಕಾಲುವೆಯದ್ದು. ಮುನಿರಾಬಾದಿನ ಹತ್ತಿರ ಅಣೆಕಟ್ಟಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆಗೆ 227 ಕಿಲೋಮೀಟರ್ ಹರಿಯುತ್ತದೆ. 1953ರಲ್ಲಿ ನೀರು ಬಂತು. ಯೋಜನೆ ಹಾಕಿದವರ ಲೆಕ್ಕ ಜಾಸ್ತಿ ಭೂಮಿಗೆ ಸ್ವಲ್ಪ ಸ್ವಲ್ಪ ನೀರು, ಜೋಳ ಹತ್ತಿಯಂಥ ಬೆಳೆಗೆ. ಆಂಧ್ರದ ಕರಾವಳಿಯಿಂದ ಬಂದವರು ಎರೆಹೊಲ ಕೊಂಡು, ಮಟ್ಟ ಮಾಡಿ, ಭತ್ತ ನಾಟಿದರು. ಅವರ ಕ್ಯಾಂಪುಗಳು, ಅಂದರೆ ಹೊಸ ಊರುಗಳು, ಎದ್ದವು. ಆಮೇಲೆ ನಮ್ಮವರೂ ಭತ್ತಕ್ಕೆ ಬಿದ್ದರು. ಮೇಲಿನವರು ಗದ್ದೆ ತುಂಬಿಸಿಕೊಂಡರೆ ಕೆಳಭಾಗಕ್ಕೆ ಏನು ಉಳಿಯುತ್ತದೆ? ಜಗಳ ಉಳಿಯುತ್ತದೆ. ನನ್ನ ಅಂಗಡಿಗೆ ಎರಡೂ ಕಡೆಯವರು ಬರುತ್ತಾರೆ. ಕೌಂಟರಿನ ಒಂದು ತುದಿಗೆ ತೆಲುಗು, ಇನ್ನೊಂದು ತುದಿಗೆ ಕನ್ನಡ. ಬಾಂಗ್ಲಾ ಯುದ್ಧದ ಆಸುಪಾಸಿನಲ್ಲಿ ಬಂದು ಆರ್.ಎಚ್. ಕ್ಯಾಂಪು ಅನ್ನುವ ಪುನರ್ವಸತಿ ಊರುಗಳಲ್ಲಿ ನೆಲೆಸಿದ ಮನೆಗಳವರು ತಮ್ಮೊಳಗೆ ಬಂಗಾಳಿ ಆಡುತ್ತಾರೆ. ಇಷ್ಟೆಲ್ಲ ಕಿವಿಗೆ ಬೀಳುವಾಗ ಇದನ್ನು ಬಿಟ್ಟು ಬೇರೆ ಏನು ಬರೆಯಲಿ?

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ನಾಟಿ ನಡೆಯುತ್ತಿದ್ದ ಹೊತ್ತು. ಬೆಳಗ್ಗೆ ಅಂಗಡಿಗೆ ಜನ ಬಂದರು, ಆದರೆ ಗೊಬ್ಬರ ಕೇಳಲಿಲ್ಲ, ಮೊಬೈಲ್ ತೋರಿಸಿದರು. 33 ಗೇಟುಗಳಲ್ಲಿ ಒಂದು. ಹರಿಯುವ ನೀರಿನಲ್ಲೇ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ಗೇಟು, ಇಳಿಸುವವರೆಗೆ ಯಾರಿಗೂ ಊಟ ಸೇರಲಿಲ್ಲ. ನಾನು ಬರೆದಿಟ್ಟಿದ್ದ ಬರಗಾಲದ ಅಧ್ಯಾಯ ಆಮೇಲೆ ಓದಿದರೆ ಸಪ್ಪೆ ಅನ್ನಿಸಿತು. ಅದರಲ್ಲಿ ಎಲ್ಲರೂ ಅಳುತ್ತಿದ್ದರು. ಆ ದಿನ ನನ್ನ ಅಂಗಡಿಯಲ್ಲಿ ಯಾರೂ ಅಳಲಿಲ್ಲ. ಒಬ್ಬರು ಭತ್ತದ ಬದಲು ಕಡಲೆ ಬೀಜದ ರೇಟು ಕೇಳಿದರು.

ಅದಕ್ಕೇ ಈ ವರ್ಷ ಒಂದು ತೀರ್ಮಾನ. ಕಾದಂಬರಿ ಮುಗಿಯುವವರೆಗೆ ಕಥೆ, ಕಾದಂಬರಿ, ಗಜಲ್ ಯಾವುದರ ವಿಮರ್ಶೆಯೂ ಬರೆಯಲ್ಲ. ಈಗಾಗಲೇ ಒಪ್ಪಿಕೊಂಡವನ್ನು ದೀಪಾವಳಿಯೊಳಗೆ ಮುಗಿಸಿ ಕೊಡ್ತೀನಿ. ಉಳಿದವನ್ನು ಊರಿನ ಗ್ರಂಥಾಲಯಕ್ಕೆ ಮುಟ್ಟಿಸ್ತೀನಿ. ಬೆನ್ನುಡಿ ಅಂತೂ ಬೇಡವೇ ಬೇಡ, ದಯವಿಟ್ಟು ಕೇಳಬೇಡಿ.

ಹಾಗಂತ ಓದು ನಿಲ್ಲಲ್ಲ. ಮಾನ್ವಿ, ಸಿರವಾರ ಕಡೆಯ ಕಾಲುವೆ ಕೆಳಭಾಗದವರು ಬರೆದ ಆತ್ಮಕಥೆ, ಊರಿನ ಚರಿತ್ರೆ, ಹಳೆಯ ಹೋರಾಟದ ಕರಪತ್ರ, ಅಪ್ಪನ ಡೈರಿ, ಏನೇ ಇದ್ದರೂ ನನಗೆ ಬೇಕು. ವಿಮರ್ಶೆಗೆ ಅಲ್ಲ, ಕಾದಂಬರಿಗೆ. ಪುಕ್ಕಟೆ ಕಳಿಸಬೇಡಿ, ಬೆಲೆ ಹೇಳಿ. ಡೈರಿಯಾದರೆ ಜೆರಾಕ್ಸ್ ಮಾಡಿಸಿಕೊಂಡು ಅಸಲು ವಾಪಸ್ ಕೊಡ್ತೀನಿ.